ಎರಡು ವೆಂಬ್ಲಿಗಳ ನಡುವೆ

ಆಟಗಾರನ ಚರಿತ್ರೆಯನ್ನು ಬರೆಯುವುದು ಅರಸನ ಚರಿತ್ರೆಯನ್ನು ಬರೆಯುವುದಕ್ಕಿಂತ ಕಷ್ಟವೆಂದು ನನಗೆ ಅನೇಕ ಸಲ ತೋರಿದೆ. ಅರಸನಿಗೆ ಶಾಸನಗಳುಂಟು, ಕೋಟೆಕೊತ್ತಲಗಳುಂಟು, ಹೊಗಳುಭಟ್ಟರುಂಟು. ಆಟಗಾರನ ಪಾಲಿಗೆ ಉಳಿಯುವುದು ಅಂಕಿಗಳ ಒಂದು ಪಟ್ಟಿ: ಇಷ್ಟು ಪಂದ್ಯ, ಇಷ್ಟು ಗೋಲು, ಇಷ್ಟು ಪಾರಿತೋಷಕ. ಆ ಪಟ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಮನುಷ್ಯನ ವಿಷಯವಾಗಿ ಅದು ಬಾಯಿಬಿಡುವುದೂ ಇಲ್ಲ. ಆಡಿ ದಣಿದ ಆಟಗಾರ ಮೂವತ್ತು ದಾಟಿದ ಮೇಲೆ ಆಡಿಸುವವನಾದನೆಂದರೆ ತೊಡಕು ಇಮ್ಮಡಿಸುತ್ತದೆ. ಆಗ ಎರಡನೆಯ ಪಟ್ಟಿಯೊಂದು ತಯಾರಾಗುತ್ತದೆ. ಮೊದಲ ಪಟ್ಟಿಗೂ ಎರಡನೆಯದಕ್ಕೂ ಅನೇಕ ವೇಳೆ ಹೊಂದಾಣಿಕೆಯೇ ಇರುವುದಿಲ್ಲ.

ಫುಟ್‌ಬಾಲನ್ನು ಉಸಿರಿನಷ್ಟೇ ಸಹಜವಾಗಿ ಬದುಕಿಗೆ ಬೆರೆಸಿಕೊಂಡಿರುವ ಇಟಲಿ ದೇಶದಲ್ಲಿ ಈ ಪ್ರಶ್ನೆ ಹಳೆಯದು. 1934ರಲ್ಲಿಯೂ 1938ರಲ್ಲಿಯೂ ವಿಶ್ವಕಪ್ಪನ್ನು ಗೆದ್ದ ತಂಡದ ಮುಂಪಂಕ್ತಿಯ ಆಟಗಾರ ಜುಸೆಪ್ಪೆ ಮೆಯಾಟ್ಸನ ಹೆಸರನ್ನು ಮಿಲಾನ್ ನಗರದ ಕ್ರೀಡಾಂಗಣಕ್ಕೇ ಇಟ್ಟಿದ್ದಾರೆ. ಆದರೆ ಅದೇ ಮೆಯಾಟ್ಸ ಮುಂದೆ ತರಬೇತುದಾರನಾಗಿ ಮಾಡಿದ ಕೆಲಸವನ್ನು ನೆನೆಯುವವರು ಕಡಮೆ. ಇದಕ್ಕೆ ವಿರುದ್ಧವಾದ ಉದಾಹರಣೆ ಅರೀಗೊ ಸಾಕಿಯದು. ಈತ ವೃತ್ತಿಯಾಗಿ ಎಂದೂ ಫುಟ್‌ಬಾಲ್ ಆಡಿದವನಲ್ಲ. ಆದರೂ ಮಿಲಾನ್ ತಂಡಕ್ಕೆ 1989 ಮತ್ತು 1990ರಲ್ಲಿ ಯೂರೋಪಿನ ಕಪ್ಪನ್ನು ಗೆಲ್ಲಿಸಿಕೊಟ್ಟ. ಆಡಿ ಗೊತ್ತಿಲ್ಲದವನು ಆಡಿಸುವುದೆಂತು ಎಂದು ಮೂದಲಿಸಿದವರಿಗೆ, ಒಳ್ಳೆಯ ಸವಾರನಾಗಲು ಹಿಂದೆ ಕುದುರೆಯಾಗಿರಬೇಕೆಂಬ ನಿಯಮವಿಲ್ಲವೆಂಬ ಅರ್ಥದ ಉತ್ತರವನ್ನು ಆತ ಕೊಟ್ಟದ್ದು ಪ್ರಸಿದ್ಧವಾಗಿದೆ.

ಕುದುರೆಯೂ ಆಗಿ ಸವಾರನೂ ಆದ ಒಬ್ಬನ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ. ಆತನ ಹೆಸರು ಜಾನ್‌ಲೂಕಾ ವಿಯಾಲಿ. 1964ರ ಜುಲೈ 9ರಂದು ಹುಟ್ಟಿ, 2023ರ ಜನವರಿ 6ರಂದು ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. ಮ್ಯಾನೇಜರನಾಗಿ ಆತ ಗೆದ್ದನೋ ಸೋತನೋ ಎಂಬ ವಾದ ಫುಟ್‌ಬಾಲ್ ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ಆ ವಾದವನ್ನು ತೀರ್ಮಾನಿಸಬೇಕಾದರೆ ಗೆಲವೆಂದರೇನು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆಂದು ನನ್ನ ಅಭಿಪ್ರಾಯ.

ವಿಯಾಲಿ ಹುಟ್ಟಿದ ಊರು ಉತ್ತರ ಇಟಲಿಯ ಕ್ರೆಮೋನ. ನಮ್ಮ ಸಂಗೀತಪ್ರಿಯರಿಗೆ ಈ ಊರಿನ ಪರಿಚಯ ಇರಲೇಬೇಕು; ಪಿಟೀಲು ತಯಾರಕರಲ್ಲಿ ಅಗ್ರಗಣ್ಯನಾದ ಸ್ಟ್ರಾಡಿವಾರಿ ಕೆಲಸ ಮಾಡಿದ್ದು ಇಲ್ಲಿಯೇ. ಸಾಮಾನ್ಯವಾಗಿ ಫುಟ್‌ಬಾಲಿನ ವೀರರು ಬಡವರ ಕೇರಿಗಳಲ್ಲಿ ಹುಟ್ಟಿ, ಚಿಂದಿಯ ಚೆಂಡನ್ನು ಒದ್ದು ಬೆಳೆದವರೆಂದು ನಾವು ಓದುತ್ತೇವೆ. ವಿಯಾಲಿಯ ಕಥೆ ಹಾಗಿಲ್ಲ. ತಂದೆ ಸ್ವಂತ ದುಡಿಮೆಯಿಂದ ಮೇಲೆ ಬಂದ ಸಿರಿವಂತ. ಐವರು ಮಕ್ಕಳಲ್ಲಿ ಕಿರಿಯನಾದ ಈತ ಬೆಳೆದದ್ದು ಕ್ರೆಮೋನದ ಹತ್ತಿರ, ಅರವತ್ತು ಕೋಣೆಗಳ ಹಳೆಯ ಕೋಟೆಮನೆಯಲ್ಲಿ. ಹೊಟ್ಟೆಪಾಡಿಗಾಗಿ ಒದೆಯಬೇಕಾದ ಅಗತ್ಯವಿಲ್ಲದವನು ಚೆಂಡನ್ನು ಒದೆದದ್ದು ಒದೆಯುವ ಸಂತೋಷಕ್ಕಾಗಿಯೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಆತನ ನಡತೆಯಲ್ಲಿ ಕಾಣುವ ಒಂದು ಬಗೆಯ ಉದಾರವಾದ ನಿರಾತಂಕಕ್ಕೆ ಇದೂ ಒಂದು ಕಾರಣವಿರಬಹುದು.

1980ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆತ ತನ್ನ ಊರಿನ ತಂಡವಾದ ಕ್ರೆಮೊನೇಸೆಯಲ್ಲಿ ಕಾಲಿಟ್ಟ. ಆಗ ಆ ತಂಡ ಇಟಲಿಯ ಮೂರನೆಯ ದರ್ಜೆಯಲ್ಲಿತ್ತು. ನಾಲ್ಕು ವರ್ಷಗಳಲ್ಲಿ ಅದು ಎರಡು ಮೆಟ್ಟಲೇರಿ 1984ರಲ್ಲಿ ಮೊದಲ ದರ್ಜೆಗೆ ಬಂತು. ಆದರೆ ಆ ಬೇಸಗೆಯಲ್ಲಿಯೇ ವಿಯಾಲಿ ಊರನ್ನು ಬಿಟ್ಟು ಜಿನೋವ ನಗರದ ಸಂಪ್ದೋರಿಯ ತಂಡವನ್ನು ಸೇರಿದ.

ಸಂಪ್ದೋರಿಯದ ಕಥೆಯೂ ಸ್ವಾರಸ್ಯವಾದದ್ದೇ. 1946ರಲ್ಲಿ ಸಂಪಿಯೆರ್‌ದರೇನೇಸೆ ಮತ್ತು ಅಂದ್ರೇಯ ದೋರಿಯ ಎಂಬ ಎರಡು ಸಂಸ್ಥೆಗಳು ಕೂಡಿ ಆದ ತಂಡ ಇದು. ಹೆಸರಿನಲ್ಲಿ ಎರಡರ ತುಂಡುಗಳೂ, ಅಂಗಿಯಲ್ಲಿ ಎರಡರ ಬಣ್ಣಗಳೂ ಸೇರಿವೆ. ಮಿಲಾನ್, ಟ್ಯೂರಿನ್ ನಗರಗಳ ದೊಡ್ಡ ತಂಡಗಳ ಮುಂದೆ ಇದು ಬಹುಕಾಲ ಬಡ ನೆಂಟನಂತೆ ಮೂಲೆಯಲ್ಲಿ ಕುಳಿತಿತ್ತು. 1979ರಲ್ಲಿ ಪಾವ್ಲೊ ಮಂತೊವಾನಿ ಎಂಬ ತೈಲ ವ್ಯಾಪಾರಿ ಅದರ ಯಜಮಾನನಾದಾಗ ತಂಡ ಎರಡನೆಯ ದರ್ಜೆಯಲ್ಲಿತ್ತು. ಮಂತೊವಾನಿಯ ಕ್ರಮ ವಿಚಿತ್ರ. ಹೆಸರುವಾಸಿಯಾದ ಮುದುಕರನ್ನು ತರುವುದಕ್ಕೆ ಬದಲಾಗಿ ಆತ ಎಳೆಯರನ್ನು ಕೊಂಡು, ಮಕ್ಕಳಂತೆ ಸಾಕಿ, ಅವರನ್ನು ಬಿಟ್ಟುಕೊಡದೆ ಕಾದ. 1982ರಲ್ಲಿ ಬೊಲೋನ್ಯದಿಂದ ರೊಬೆರ್ತೊ ಮಂಚೀನಿಯನ್ನು ತಂದ. ಎರಡು ವರ್ಷದ ನಂತರ ವಿಯಾಲಿಯನ್ನು ತಂದ. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಮಂಚೀನಿ ನಾಲ್ಕು ತಿಂಗಳಿಗೆ ಕಿರಿಯ.

ಇವರಿಬ್ಬರ ಆಟವನ್ನು ಕಂಡ ಇಟಲಿಯ ಜನ ಇವರನ್ನು ಗೋಲಿನ ಅವಳಿಗಳೆಂದು ಕರೆದರು. ನಾನಾದರೆ ಜೋಡೆತ್ತುಗಳೆನ್ನುತ್ತಿದ್ದೆ. ಒಂದು ಎತ್ತು ಎಳೆಯುವಾಗ ಇನ್ನೊಂದು ಎತ್ತಿನ ಕೊರಳಿಗೆ ಅದು ತಾನಾಗಿ ತಿಳಿಯುತ್ತದಷ್ಟೆ? ಮಂಚೀನಿ ಚೆಂಡನ್ನು ಎಲ್ಲಿಗೆ ಕಳಿಸುತ್ತಾನೆಂಬುದು ಚೆಂಡು ಅವನ ಕಾಲನ್ನು ಬಿಡುವ ಮೊದಲೇ ವಿಯಾಲಿಗೆ ತಿಳಿದಿರುತ್ತಿತ್ತು. ಒಬ್ಬನದು ಕುಶಲತೆ, ಮುಂಗೋಪ. ಇನ್ನೊಬ್ಬನದು ಬಲ, ಓಟ, ನಗೆ. 1986ರಲ್ಲಿ ವುಯಾದಿನ್ ಬೋಷ್ಕೋವ್ ಎಂಬ ಯುಗೊಸ್ಲಾವಿಯದ ಹಿರಿಯ ತರಬೇತುದಾರನಾಗಿ ಬಂದ ಮೇಲೆ ಈ ಮನೆತನಕ್ಕೆ ಹಾಸ್ಯಪ್ರಿಯನಾದ ಅಜ್ಜನೊಬ್ಬ ಸಿಕ್ಕಂತಾಯಿತು. 1985, 1988, 1989 ಹೀಗೆ ಮೂರು ಸಲ ಇಟಲಿಯ ಕಪ್ ಇವರಿಗೆ ಬಂತು. 1990ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ ಯೂರೋಪಿನ ಕಪ್ ವಿಜೇತರ ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಬೆಲ್ಜಿಯಮ್ಮಿನ ಆಂಡರ್‌ಲೆಕ್ಟ್. ಹೆಚ್ಚುವರಿ ವೇಳೆಯಲ್ಲಿ ಎರಡು ಗೋಲು ಬಿದ್ದವು; ಎರಡೂ ವಿಯಾಲಿಯವೇ.

ಮರುವರ್ಷ ಬಂದದ್ದು ಅದಕ್ಕಿಂತ ದೊಡ್ಡ ಸಂಭ್ರಮ. ಮಾರಡೋನನ ನೇಪಲ್ಸ್, ಗುಲಿತ್ ಮತ್ತು ವಾನ್ ಬಾಸ್ಟನ್ನರ ಮಿಲಾನ್, ಮಥೇಯಸ್ಸನ ಇಂಟರ್ ಇವೆಲ್ಲವನ್ನೂ ಹಿಂದೆ ಹಾಕಿ 1991ರ ಮೇ ತಿಂಗಳಿನಲ್ಲಿ ಸಂಪ್ದೋರಿಯ ಇಟಲಿಯ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಅದಕ್ಕೆ ಮೊದಲು ಆ ತಂಡ ಅದನ್ನು ಗೆದ್ದಿರಲಿಲ್ಲ, ಆಮೇಲೆಯೂ ಗೆದ್ದಿಲ್ಲ. ಆ ವರ್ಷ ಇಡೀ ಲೀಗಿನಲ್ಲಿ ಹೆಚ್ಚು ಗೋಲು ಹೊಡೆದವನು ವಿಯಾಲಿ, ಹತ್ತೊಂಬತ್ತು ಗೋಲುಗಳು.

ಆದರೆ ಅದೇ ಕಾಲದಲ್ಲಿ ರಾಷ್ಟ್ರೀಯ ತಂಡದಲ್ಲಿ ಆತನ ಅದೃಷ್ಟ ಬೇರೆಯಾಗಿತ್ತು. 1990ರ ವಿಶ್ವಕಪ್ ಇಟಲಿಯಲ್ಲಿಯೇ ನಡೆದಾಗ ದೇಶದ ಆಸೆಯೆಲ್ಲ ಆತನ ಮೇಲಿತ್ತು. ಆ ಪಂದ್ಯಗಳನ್ನು ನಾವೂ ದೂರದರ್ಶನದಲ್ಲಿ ನಡುರಾತ್ರಿಯವರೆಗೆ ಎದ್ದು ಕುಳಿತು ನೋಡಿದವರು. ನಮ್ಮ ಕಣ್ಣಿನಲ್ಲಿ ಉಳಿದದ್ದು ಸ್ಕಿಲಾಚಿಯ ಅರಳಿದ ಕಣ್ಣುಗಳೇ ಹೊರತು ವಿಯಾಲಿಯಲ್ಲ. ಆಸ್ಟ್ರಿಯದ ವಿರುದ್ಧ ಸ್ಕಿಲಾಚಿ ಹೊಡೆದ ಮೊದಲ ಗೋಲಿಗೆ ಚೆಂಡನ್ನು ಒದಗಿಸಿಕೊಟ್ಟವನು ವಿಯಾಲಿಯೇ ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ! ಅಮೆರಿಕದ ವಿರುದ್ಧ ಆತ ಹೊಡೆದ ಪೆನಾಲ್ಟಿ ಕಂಬಕ್ಕೆ ಬಡಿಯಿತು. ಅಲ್ಲಿಂದ ಆತನ ಸ್ಥಾನ ಅಲುಗಾಡಿತು. ಸಾಕಿ ರಾಷ್ಟ್ರೀಯ ತಂಡದ ತರಬೇತುದಾರನಾದ ಮೇಲೆ, 1992ರ ಕೊನೆಗೆ, ಆ ಬಾಗಿಲು ಮುಚ್ಚಿಯೇ ಹೋಯಿತು. ಐವತ್ತೊಂಬತ್ತು ಪಂದ್ಯ, ಹದಿನಾರು ಗೋಲು. ಇದು ದೇಶದ ಅಂಗಿಯಲ್ಲಿ ಆತನ ಲೆಕ್ಕ.

ಈಗ ವೆಂಬ್ಲಿಯ ಮಾತಿಗೆ ಬರೋಣ. 1992ರ ಮೇ 20. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಯೂರೋಪಿನ ಚಾಂಪಿಯನ್ನರ ಕಪ್ಪಿನ ಅಂತಿಮ ಪಂದ್ಯ. ಒಂದು ಕಡೆ ಬಾರ್ಸಿಲೋನ, ಇನ್ನೊಂದು ಕಡೆ ಸಂಪ್ದೋರಿಯ. ಎರಡೂ ತಂಡಗಳು ಅಲ್ಲಿಯವರೆಗೆ ಆ ಕಪ್ಪನ್ನು ಗೆದ್ದವಲ್ಲ. ವಿಯಾಲಿಗೆ ಒಳ್ಳೆಯ ಅವಕಾಶಗಳು ಒದಗಿದವು, ಯಾವುದೂ ಗೋಲಾಗಲಿಲ್ಲ. ತೊಂಬತ್ತು ನಿಮಿಷ ಕಳೆಯಿತು, ಗೋಲಿಲ್ಲ. ಹೆಚ್ಚುವರಿ ವೇಳೆಯ ಹತ್ತನೆಯ ನಿಮಿಷಕ್ಕೆ ದಣಿದ ವಿಯಾಲಿಯನ್ನು ಬೋಷ್ಕೋವ್ ಹೊರಕ್ಕೆ ಕರೆದ. 112ನೆಯ ನಿಮಿಷದಲ್ಲಿ ಬಾರ್ಸಿಲೋನಕ್ಕೆ ಸಿಕ್ಕಿದ ಫ್ರೀ ಕಿಕ್ಕನ್ನು ಕೂಮನ್ ಗುಂಡಿನಂತೆ ಒಳಕ್ಕೆ ಹೊಡೆದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಯಾಲಿ ಅದನ್ನು ಅಂಗಳದಲ್ಲಿ ನಿಂತು ತಡೆಯಲಾರದೆ, ಹೊರಗಿನ ಬೆಂಚಿನಲ್ಲಿ ಕುಳಿತು ನೋಡಬೇಕಾಯಿತು.

ಸೋಲಿನ ನೋವಿಗೆ ಇನ್ನೊಂದು ಕಾರಣವೂ ಇತ್ತು. ವಿಯಾಲಿ ಆ ಬೇಸಗೆಯಲ್ಲಿ ಟ್ಯೂರಿನ್ನಿನ ಜುವೆಂಟಸ್ ತಂಡಕ್ಕೆ ಹೋಗುವುದು ಆಗಲೇ ಗೊತ್ತಾಗಿತ್ತು. ಸುಮಾರು 1 ಕೋಟಿ 20 ಲಕ್ಷ ಪೌಂಡುಗಳ ಆ ಬೆಲೆ ಅಂದಿಗೆ ಜಗತ್ತಿನ ದಾಖಲೆ. ಎಂಟು ವರ್ಷದ ಕೂಡುಕುಟುಂಬ ಆ ರಾತ್ರಿ ಒಡೆಯಿತು. ಮಂತೊವಾನಿ 1993ರ ಅಕ್ಟೋಬರಿನಲ್ಲಿ ತೀರಿಕೊಂಡ. ಮಂಚೀನಿ 1997ರವರೆಗೆ ಹಳೆಯ ಮನೆಯಲ್ಲಿಯೇ ಉಳಿದ. ಆದರೆ ಆ ತಂಡ ಅಂಥ ಎತ್ತರಕ್ಕೆ ಮತ್ತೆ ಏರಲಿಲ್ಲ.

ಜುವೆಂಟಸ್ಸಿನಲ್ಲಿ ಮೊದಲ ಎರಡು ವರ್ಷ ಗಾಯಗಳಲ್ಲಿಯೂ ಗೊಂದಲದಲ್ಲಿಯೂ ಕಳೆದವು. 1994ರಲ್ಲಿ ಮಾರ್ಚೆಲೊ ಲಿಪ್ಪಿ ತರಬೇತುದಾರನಾಗಿ ಬಂದ ಮೇಲೆ ವಿಯಾಲಿ ಮರುಹುಟ್ಟು ಪಡೆದಂತಾಯಿತು. ದೇಹವನ್ನು ಗಟ್ಟಿಮಾಡಿಕೊಂಡ, ತಲೆಯನ್ನು ಬೋಳಿಸಿಕೊಂಡ, ಕಿರಿಯರಿಗೆ ನಾಯಕನಾದ. 1995ರಲ್ಲಿ ಲೀಗ್ ಪ್ರಶಸ್ತಿ ಬಂತು. 1996ರ ಮೇ 22ರಂದು ರೋಮಿನಲ್ಲಿ ಹಾಲೆಂಡಿನ ಅಯಾಕ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಯೂರೋಪಿನ ಕಪ್ಪನ್ನು ಕೈಯಲ್ಲೆತ್ತಿ ಹಿಡಿದ ನಾಯಕ ವಿಯಾಲಿಯೇ. ನಾಲ್ಕು ವರ್ಷದ ಹಿಂದೆ ತಪ್ಪಿದ್ದು ಈಗ ದೊರೆಯಿತು. ದೊರೆತದ್ದು ಬೇರೆಯ ಅಂಗಿಯಲ್ಲಿ, ಬೇರೆಯ ಗೆಳೆಯರ ನಡುವೆ. ಸಾಲ ತೀರಿತು, ಆದರೆ ಯಾರಿಗೆ ಕೊಡಬೇಕಾಗಿತ್ತೋ ಅವರಿಗೆ ಮುಟ್ಟಲಿಲ್ಲ.

ಇಲ್ಲಿಂದ ಮುಂದಿನ ಕಥೆ ಅರ್ಥವಾಗಬೇಕಾದರೆ ನ್ಯಾಯಾಲಯದ ಒಂದು ತೀರ್ಪನ್ನು ತಿಳಿದಿರಬೇಕು. ಬೆಲ್ಜಿಯಮ್ಮಿನ ಬೊಸ್ಮನ್ ಎಂಬ ಆಟಗಾರ ಹೂಡಿದ ದಾವೆಯಲ್ಲಿ ಯೂರೋಪಿನ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪುಕೊಟ್ಟಿತು. ಕರಾರು ಮುಗಿದ ಆಟಗಾರನನ್ನು ಹಣ ಕೇಳದೆ ಬಿಟ್ಟುಕೊಡಬೇಕು. ಯೂರೋಪಿನ ಒಕ್ಕೂಟದ ಒಂದು ದೇಶದವನು ಇನ್ನೊಂದು ದೇಶದಲ್ಲಿ ಆಡುವುದಕ್ಕೆ ಸಂಖ್ಯೆಯ ಮಿತಿ ಇರಕೂಡದು. ಈ ತೀರ್ಪು ಯೂರೋಪಿನ ಫುಟ್‌ಬಾಲಿನ ಬೇಲಿಗಳನ್ನೆಲ್ಲ ಕಿತ್ತುಹಾಕಿತು. ಕಿತ್ತ ಬೇಲಿಯನ್ನು ಮೊದಲು ದಾಟಿದವರಲ್ಲಿ ವಿಯಾಲಿ ಒಬ್ಬ. ನಾಲ್ಕು ವರ್ಷದ ಹಿಂದೆ ಜಗತ್ತಿನಲ್ಲಿಯೇ ಹೆಚ್ಚಿನ ಬೆಲೆ ಬಾಳಿದವನು 1996ರ ಬೇಸಗೆಯಲ್ಲಿ ಬಿಡಿಕಾಸೂ ಬೆಲೆಯಿಲ್ಲದೆ ಲಂಡನ್ನಿನ ಚೆಲ್ಸಿ ತಂಡವನ್ನು ಸೇರಿದ.

ಚೆಲ್ಸಿಯಲ್ಲಿ ಆಗ ಆಡುತ್ತಲೇ ಆಡಿಸುತ್ತಿದ್ದವನು ರೂದ್ ಗುಲಿತ್. ಆತ ವಿಯಾಲಿಯನ್ನು ಬಹಳ ಸಲ ಬೆಂಚಿನ ಮೇಲೆ ಕೂರಿಸಿದ. 1997ರ ಎಫ್.ಎ. ಕಪ್ ಅಂತಿಮ ಪಂದ್ಯ ವೆಂಬ್ಲಿಯಲ್ಲಿ ನಡೆದಾಗ, ಗೆಲವು ನಿಶ್ಚಯವಾದ ಮೇಲೆ ಕೊನೆಯ ಗಳಿಗೆಯಲ್ಲಿ ಆತನನ್ನು ಅಂಗಳಕ್ಕೆ ಬಿಟ್ಟ. ಆ ಶರತ್ಕಾಲದಲ್ಲಿ ನಾರ್ವೆಯ ಉತ್ತರ ತುದಿಯ ತ್ರೋಮ್ಸೋ ಊರಿನಲ್ಲಿ ಹಿಮ ಸುರಿಯುತ್ತಿರುವಾಗ ಚೆಲ್ಸಿ ಸೋಲುವುದರಲ್ಲಿತ್ತು. ಆಗ ವಿಯಾಲಿ ಹೊಡೆದ ಎರಡು ಗೋಲುಗಳೇ ತಂಡವನ್ನು ಕಪ್ ವಿಜೇತರ ಕಪ್ಪಿನಲ್ಲಿ ಉಳಿಸಿದವು. ಊರಿನಲ್ಲಿ ನಡೆದ ಮರುಪಂದ್ಯದಲ್ಲಿ ಮೂರು ಗೋಲು ಹೊಡೆದ.

1998ರ ಫೆಬ್ರವರಿ 12ರಂದು ಚೆಲ್ಸಿಯ ಯಜಮಾನರು ಗುಲಿತ್‌ನನ್ನು ತೆಗೆದುಹಾಕಿದರು. ಅಂದೇ ಆ ಕುರ್ಚಿಯನ್ನು ವಿಯಾಲಿಗೆ ಕೊಟ್ಟರು. ವಯಸ್ಸು ಮೂವತ್ತಮೂರು; ತರಬೇತುದಾರನಾಗಿ ಒಂದು ದಿನದ ಅನುಭವವೂ ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಮ್ಯಾನೇಜರನಾದ ಮೊದಲ ಇಟಾಲಿಯನ್ ಆತ. ಆತನ ಮೊದಲ ಪಂದ್ಯ ಆರ್ಸೆನಲ್ ವಿರುದ್ಧ ಲೀಗ್ ಕಪ್ಪಿನ ಸೆಮಿಫೈನಲ್ಲಿನ ಎರಡನೆಯ ಭಾಗ. ಮೊದಲ ಭಾಗದಲ್ಲಿ ಚೆಲ್ಸಿ 2–1ರಲ್ಲಿ ಸೋತಿತ್ತು. ಆಟಕ್ಕೆ ಮೊದಲು ಹೊಸ ಮ್ಯಾನೇಜರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಲ್ಲರಿಗೂ ಷಾಂಪೇನ್ ಹಂಚಿದ. ಚೆಲ್ಸಿ 3–1ರಲ್ಲಿ ಗೆದ್ದಿತು. ಗಂಭೀರ ಜನ ಮೂಗಿನ ಮೇಲೆ ಬೆರಳಿಟ್ಟಿರಬಹುದು. ಆದರೆ ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯರಿಗೆ ಇಂದು ಯಜಮಾನನಾಗಬೇಕಾದವನು ಆ ಮುಜುಗರವನ್ನು ಇದಕ್ಕಿಂತ ಚೆನ್ನಾಗಿ ಹೇಗೆ ದಾಟಬಹುದಾಗಿತ್ತು?

ಮಾರ್ಚ್ 29ರಂದು ಲೀಗ್ ಕಪ್ ಬಂತು, ಅದೂ ವೆಂಬ್ಲಿಯಲ್ಲಿ. ಆ ಪಂದ್ಯದಲ್ಲಿ ವಿಯಾಲಿ ತನ್ನ ಹೆಸರನ್ನು ತಾನೇ ಬಿಟ್ಟಿದ್ದ. ಮೇ 13ರಂದು ಸ್ಟಾಕ್‌ಹೋಮಿನಲ್ಲಿ ಕಪ್ ವಿಜೇತರ ಕಪ್ಪಿಗಾಗಿ ಜರ್ಮನಿಯ ಸ್ಟುಟ್‌ಗಾರ್ಟ್ ವಿರುದ್ಧ ಅಂತಿಮ ಪಂದ್ಯ. ಇಲ್ಲಿ ತಾನೂ ಆಡಿದ. 71ನೆಯ ನಿಮಿಷದಲ್ಲಿ ಗಾಯದಿಂದ ಆಗತಾನೆ ಚೇತರಿಸಿಕೊಂಡಿದ್ದ ಜೋಲನನ್ನು ಒಳಕ್ಕೆ ಬಿಟ್ಟ. ಬಂದ ಅರೆನಿಮಿಷದೊಳಗೆ ಜೋಲ ಗೋಲು ಹೊಡೆದ. ಯೂರೋಪಿನ ಪ್ರಶಸ್ತಿಯೊಂದನ್ನು ಗೆದ್ದ ಅತ್ಯಂತ ಕಿರಿಯ ಮ್ಯಾನೇಜರನೆಂಬ ಹೆಸರು ವಿಯಾಲಿಗೆ ಬಂತು. 2011ರವರೆಗೆ ಅದು ಆತನಲ್ಲಿಯೇ ಇತ್ತು. ಆಗಸ್ಟ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಸೂಪರ್ ಕಪ್ಪನ್ನೂ ತಂದ. 1998–99ರ ಲೀಗಿನಲ್ಲಿ ಚೆಲ್ಸಿ ಮೂರೇ ಪಂದ್ಯಗಳನ್ನು ಸೋತು, ಮೊದಲ ಸ್ಥಾನದ ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ನಾಲ್ಕೇ ಅಂಕ ಕಡಮೆಯಾಗಿ ಮೂರನೆಯದಾಯಿತು. ಆ ವರ್ಷವೇ ಆತ ಆಟವನ್ನು ಬಿಟ್ಟು ಆಡಿಸುವುದಕ್ಕೆ ನಿಂತ.

1999ರ ಡಿಸೆಂಬರ್ 26ರ ಪಂದ್ಯವೊಂದನ್ನು ಇಲ್ಲಿ ಹೇಳಬೇಕು. ಸೌತಾಂಪ್ಟನ್ ವಿರುದ್ಧ ಅಂದು ಆಡಲಿಳಿದ ಚೆಲ್ಸಿಯ ಹನ್ನೊಂದು ಜನರಲ್ಲಿ ಬ್ರಿಟಿಷನೆನ್ನುವವನು ಒಬ್ಬನೂ ಇರಲಿಲ್ಲ. ಇಬ್ಬರು ಫ್ರೆಂಚರು, ಇಬ್ಬರು ಇಟಾಲಿಯನ್ನರು. ಹಾಲೆಂಡ್, ಸ್ಪೇನ್, ಬ್ರೆಜಿಲ್, ನೈಜೀರಿಯ, ರುಮೇನಿಯ, ಉರುಗ್ವೆ, ನಾರ್ವೆಗಳಿಂದ ಒಬ್ಬೊಬ್ಬರು. ಇಂಗ್ಲೆಂಡಿನ ಲೀಗಿನ ಇತಿಹಾಸದಲ್ಲಿ ಇದು ಮೊದಲ ಸಲ. ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆದ್ದಿತು. ಗಾಯದ ಕಾರಣದಿಂದ ಹೀಗಾಯಿತು, ಯಾರು ಯಾವ ದೇಶದವರೆಂಬುದು ತನಗೆ ಮುಖ್ಯವಲ್ಲವೆಂಬುದು ವಿಯಾಲಿಯ ನಿಲುವು. ಒಂದು ಕಾಲದಲ್ಲಿ ತನ್ನ ಆಟಗಾರರನ್ನೂ ಆಡಳಿತಗಾರರನ್ನೂ ಲೋಕಕ್ಕೆಲ್ಲ ಕಳಿಸಿಕೊಟ್ಟ ದೇಶ, ಲೋಕವೇ ತನ್ನ ಅಂಗಳಕ್ಕೆ ಬಂದಾಗ ಬೆಚ್ಚಿಬಿದ್ದದ್ದು ನನಗೆ ಸೋಜಿಗವಾಗಿ ಕಾಣುತ್ತದೆ. ಬೊಸ್ಮನ್ ತೀರ್ಪು ಕಾಗದದಲ್ಲಿ ಬರೆದದ್ದನ್ನು ವಿಯಾಲಿ ಹುಲ್ಲಿನ ಮೇಲೆ ಬರೆದು ತೋರಿಸಿದನಷ್ಟೆ.

2000ದ ವಸಂತದಲ್ಲಿ ಹಳೆಯ ಎದುರಾಳಿ ಬಾರ್ಸಿಲೋನ ಮತ್ತೆ ಎದುರಾಯಿತು. ಚಾಂಪಿಯನ್ಸ್ ಲೀಗಿನ ಕ್ವಾರ್ಟರ್‌ಫೈನಲ್ಲಿನಲ್ಲಿ ಚೆಲ್ಸಿ ಲಂಡನ್ನಿನಲ್ಲಿ 3–1ರಲ್ಲಿ ಗೆದ್ದು, ಬಾರ್ಸಿಲೋನದಲ್ಲಿ ಹೆಚ್ಚುವರಿ ವೇಳೆಯ ನಂತರ 5–1ರಲ್ಲಿ ಸೋತಿತು. ಆದರೆ ಮೇ 20ರಂದು, ಸಂಪ್ದೋರಿಯ ಸೋತ ದಿನಕ್ಕೆ ಸರಿಯಾಗಿ ಎಂಟು ವರ್ಷ ತುಂಬಿದಂದು, ಅದೇ ವೆಂಬ್ಲಿಯಲ್ಲಿ ವಿಯಾಲಿಯ ಚೆಲ್ಸಿ ಆಸ್ಟನ್ ವಿಲ್ಲ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು. ಗೋಲು ಹೊಡೆದವನು ದಿ ಮತ್ತೆಯೊ. 1923ರಲ್ಲಿ ತೆರೆದ ಆ ಹಳೆಯ ಕ್ರೀಡಾಂಗಣದಲ್ಲಿ ನಡೆದ ಕೊನೆಯ ಎಫ್.ಎ. ಕಪ್ ಅಂತಿಮ ಪಂದ್ಯ ಅದು.

ಇಷ್ಟಾದರೂ ನಾಲ್ಕು ತಿಂಗಳೊಳಗೆ, 2000ದ ಸೆಪ್ಟೆಂಬರ್ 12ರಂದು, ಆತನನ್ನು ಕೆಲಸದಿಂದ ತೆಗೆದರು. ಹೊಸ ಲೀಗಿನಲ್ಲಿ ಐದು ಪಂದ್ಯಗಳಾಗಿದ್ದವು, ಗೆದ್ದದ್ದು ಒಂದೇ. ಎರಡೂವರೆ ವರ್ಷಕ್ಕೆ ಸ್ವಲ್ಪ ಹೆಚ್ಚಾದ ಅವಧಿಯಲ್ಲಿ ಐದು ಪಾರಿತೋಷಕಗಳನ್ನು ತಂದವನನ್ನು ಹೀಗೆ ಕಳಿಸಿದ್ದೇಕೆಂದು ವಾಚಕರು ಕೇಳಬಹುದು. ಹಿರಿಯ ಆಟಗಾರರೊಡನೆ ಸಂಬಂಧ ಕೆಟ್ಟಿತ್ತೆಂಬುದು ಆಗ ಎಲ್ಲರೂ ಆಡಿದ ಮಾತು. ಊರಿಗೆ ಅರಸನಾದರೂ ತಾಯಿಗೆ ಮಗನೇ ಎಂಬ ಗಾದೆ ನಮ್ಮಲ್ಲಿದೆ. ಮ್ಯಾನೇಜರನಾದರೂ ಹಳೆಯ ಸಂಗಡಿಗರಿಗೆ ಆತ ಸಂಗಡಿಗನೇ. ಸಂಗಡಿಗನೊಬ್ಬ ತಮ್ಮನ್ನು ಹೊರಗೆ ಕೂರಿಸಿದಾಗ ಆಗುವ ನೋವು ಪರಕೀಯನೊಬ್ಬ ಕೂರಿಸಿದಾಗ ಆಗುವುದಿಲ್ಲ. ಬೆಂಚಿನ ಕಹಿಯನ್ನು ಗುಲಿತ್‌ನ ಕೈಯಲ್ಲಿ ತಾನೇ ಉಂಡವನು ಅದನ್ನು ಇತರರಿಗೆ ಬಡಿಸಬೇಕಾಗಿ ಬಂದದ್ದು ಆ ಹುದ್ದೆಯ ಧರ್ಮಸಂಕಟ. ಪ್ರೀತಿಯಿಂದ ಆಳಿದರೆ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಬಿಗಿಮಾಡಹೋದರೆ ಪ್ರೀತಿ ಹೋಗುತ್ತದೆ.

ಮರುವರ್ಷ ಆತ ಎರಡನೆಯ ದರ್ಜೆಯ ವಾಟ್‌ಫೋರ್ಡ್ ತಂಡಕ್ಕೆ ಮ್ಯಾನೇಜರನಾದ. ತಂಡ ಹದಿನಾಲ್ಕನೆಯ ಸ್ಥಾನದಲ್ಲಿ ನಿಂತಿತು. 2002ರ ಬೇಸಗೆಯಲ್ಲಿ ಅಲ್ಲಿಂದಲೂ ಕಳಿಸಿದರು. ಆಗ ಆತನಿಗೆ ಮೂವತ್ತೇಳು. ಮುಂದೆ ಎಂದೂ ಯಾವ ತಂಡಕ್ಕೂ ಮ್ಯಾನೇಜರನಾಗಲಿಲ್ಲ. ದೂರದರ್ಶನದಲ್ಲಿ ಆಟದ ವಿಮರ್ಶೆ ಮಾಡಿದ. ಹಳೆಯ ಜೊತೆಗಾರ ಮಾಸ್ಸಿಮೊ ಮೌರೊ ಜೊತೆ ಸೇರಿ ನರಗಳನ್ನು ಕುಗ್ಗಿಸುವ ಎ.ಎಲ್.ಎಸ್. ಎಂಬ ರೋಗದ ಮತ್ತು ಕ್ಯಾನ್ಸರಿನ ಸಂಶೋಧನೆಗೆ ಹಣ ಕೂಡಿಸುವ ಸಂಸ್ಥೆಯನ್ನು ಕಟ್ಟಿದ. 2006ರಲ್ಲಿ ಪತ್ರಕರ್ತ ಮಾರ್ಕೊತ್ತಿಯೊಡನೆ ಇಂಗ್ಲೆಂಡ್ ಮತ್ತು ಇಟಲಿಗಳ ಫುಟ್‌ಬಾಲ್ ಸಂಸ್ಕೃತಿಯನ್ನು ಹೋಲಿಸಿ ಒಂದು ಪುಸ್ತಕವನ್ನೂ ಬರೆದ.

ಪಟ್ಟಿಯನ್ನು ನಂಬುವವರು ಇಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಾರೆ. ಎರಡು ತಂಡ, ಎರಡು ಉಚ್ಚಾಟನೆ. ದೊಡ್ಡ ಆಟಗಾರ, ಅರೆಬರೆ ಮ್ಯಾನೇಜರು. ಆದರೆ ಅವರು ಬಿಟ್ಟುಹೋಗುವ ಒಂದು ಮಾತುಂಟು. ವಿಯಾಲಿ ತೆರೆದ ದಾರಿಯಲ್ಲಿ ಚೆಲ್ಸಿಗೇ ಎಷ್ಟು ಇಟಾಲಿಯನ್ನರು ಬಂದರು! ರನಿಯೇರಿ ಬಂದ, ಅಂಚೆಲೊತ್ತಿ ಬಂದು 2010ರಲ್ಲಿ ಲೀಗನ್ನೂ ಎಫ್.ಎ. ಕಪ್ಪನ್ನೂ ಒಟ್ಟಿಗೆ ಗೆದ್ದ. ವಿಯಾಲಿಯ ಆಟಗಾರನಾಗಿದ್ದ ದಿ ಮತ್ತೆಯೊ 2012ರಲ್ಲಿ ಚಾಂಪಿಯನ್ಸ್ ಲೀಗನ್ನು ಗೆಲ್ಲಿಸಿದ. ಕೊಂತೆ 2017ರಲ್ಲಿ ಲೀಗನ್ನು ಗೆದ್ದ. ಜೋಡೆತ್ತಿನ ಮತ್ತೊಂದು ಎತ್ತಾದ ಮಂಚೀನಿ ಮ್ಯಾಂಚೆಸ್ಟರ್ ಸಿಟಿಗೆ 2012ರ ಲೀಗ್ ಪ್ರಶಸ್ತಿಯನ್ನು ತಂದುಕೊಟ್ಟ. ಮೊದಲು ಕಾಡು ಕಡಿದವನ ಹೊಲದಲ್ಲಿ ಬೆಳೆ ಕಡಮೆ ಬಂದೀತು. ಆದರೆ ಹಿಂದೆ ಬಂದವರು ನಡೆದ ಕಾಲುದಾರಿ ಅವನದೇ.

2017ರಲ್ಲಿ ವಿಯಾಲಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ತಿಳಿಯಿತು. ಕೃಶವಾದ ದೇಹ ಯಾರಿಗೂ ಕಾಣಬಾರದೆಂದು ಅಂಗಿಯ ಒಳಗೆ ಸ್ವೆಟರು ತೊಟ್ಟು ಓಡಾಡುತ್ತಿದ್ದೆನೆಂದು ಆತನೇ 2018ರಲ್ಲಿ ಹೇಳಿಕೊಂಡ. ರೋಗವನ್ನು ಶತ್ರುವೆಂದು ಕರೆಯಲು ಆತ ಒಪ್ಪಲಿಲ್ಲ. ಕರೆಯದೆ ಬಂದ ಸಹಪ್ರಯಾಣಿಕ, ಒಂದು ದಿನ ಬೇಸರವಾಗಿ ಇಳಿದುಹೋಗಲಿ ಎನ್ನುವ ಧಾಟಿಯಲ್ಲಿ ಮಾತಾಡಿದ.

ಇಟಲಿಯ ಫುಟ್‌ಬಾಲೂ ಆ ದಿನಗಳಲ್ಲಿ ರೋಗಿಯೇ ಆಗಿತ್ತು. 2018ರ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯದೆ ಮನೆಯಲ್ಲಿ ಉಳಿದಿತ್ತು. ಆ ಮೇ ತಿಂಗಳಿನಲ್ಲಿ ಮಂಚೀನಿ ರಾಷ್ಟ್ರೀಯ ತಂಡದ ತರಬೇತುದಾರನಾದ. 2019ರಲ್ಲಿ ವಿಯಾಲಿ ತಂಡದ ನಿಯೋಗದ ಮುಖ್ಯಸ್ಥನಾಗಿ ಸೇರಿದ. ಆಟಗಾರರನ್ನು ಆರಿಸುವುದು, ಹೊರಗೆ ಕೂರಿಸುವುದು ಆ ಹುದ್ದೆಯ ಕೆಲಸವಲ್ಲ. ತಂಡದೊಡನೆ ಇರುವುದು, ಹುಡುಗರ ಮನಸ್ಸನ್ನು ಕಾಯುವುದು ಅದರ ಕೆಲಸ. ತಾನೂ ಒಮ್ಮೆ ಅರಸನಾಗಿದ್ದವನು ಗೆಳೆಯನ ಅರಸುತನದಲ್ಲಿ ಎರಡನೆಯವನಾಗಿ ನಿಲ್ಲುವುದು ಎಲ್ಲರಿಂದಲೂ ಆಗುವ ಮಾತಲ್ಲ. 1992ರ ಅಂತಿಮ ಪಂದ್ಯದಲ್ಲಿ ಆಡಿದ್ದ ಲೊಂಬಾರ್ದೊ ಕೂಡ ಮಂಚೀನಿಯ ಸಹಾಯಕರಲ್ಲಿದ್ದ. ಒಡೆದ ಕುಟುಂಬ ಮತ್ತೆ ಒಂದೇ ಸೂರಿನಡಿ ಸೇರಿತ್ತು.

ಸಾಂಕ್ರಾಮಿಕದಿಂದ ಮುಂದೆ ಹೋಗಿದ್ದ ಯೂರೋಪಿನ ಪಂದ್ಯಾವಳಿ 2021ರಲ್ಲಿ ನಡೆಯಿತು. ರೋಮಿನಲ್ಲಿ ಟರ್ಕಿಯ ವಿರುದ್ಧದ ಮೊದಲ ಪಂದ್ಯಕ್ಕೆ ಹೊರಟಾಗ ತಂಡದ ಬಸ್ಸು ಅಕಸ್ಮಾತ್ತಾಗಿ ವಿಯಾಲಿಯನ್ನು ಬಿಟ್ಟುಹೊರಟಿತು. ಆಮೇಲೆ ನಿಲ್ಲಿಸಿ ಹತ್ತಿಸಿಕೊಂಡರು. ಇಟಲಿ ಗೆದ್ದಿತು. ಅಂದಿನಿಂದ ಪ್ರತಿ ಪಂದ್ಯಕ್ಕೂ ಬಸ್ಸು ಆತನನ್ನು ಬಿಟ್ಟು ಹೊರಟಂತೆ ಮಾಡುವುದೇ ಶಕುನವಾಯಿತು. ಜುಲೈ 11ರಂದು, ಆತನಿಗೆ ಐವತ್ತೇಳು ತುಂಬಿದ ಎರಡನೆಯ ದಿನ, ಅಂತಿಮ ಪಂದ್ಯ. ಸ್ಥಳ ವೆಂಬ್ಲಿ; ಎದುರಾಳಿ ಇಂಗ್ಲೆಂಡ್. ಹಳೆಯ ವೆಂಬ್ಲಿಯನ್ನು ಕೆಡವಿ ಅದೇ ನೆಲದಲ್ಲಿ ಕಟ್ಟಿ 2007ರಲ್ಲಿ ತೆರೆದ ಹೊಸ ವೆಂಬ್ಲಿ. ಪಂದ್ಯಕ್ಕೆ ಮೊದಲು ವಿಯಾಲಿ ಆಟಗಾರರಿಗೆ ಥಿಯೊಡೋರ್ ರೂಸ್‌ವೆಲ್ಟರ 1910ರ ಪ್ಯಾರಿಸ್ ಭಾಷಣದ ಒಂದು ಭಾಗವನ್ನು ಓದಿ ಹೇಳಿದ. ಮಾನ ಸಲ್ಲಬೇಕಾದದ್ದು ದೂರ ನಿಂತು ಟೀಕಿಸುವವನಿಗಲ್ಲ, ಕಣಕ್ಕಿಳಿದು ಧೂಳು ಮೆತ್ತಿಕೊಂಡವನಿಗೆಂಬುದು ಅದರ ತಾತ್ಪರ್ಯ. ಎರಡನೆಯ ನಿಮಿಷದಲ್ಲಿಯೇ ಇಂಗ್ಲೆಂಡ್ ಗೋಲು ಹೊಡೆಯಿತು. 67ನೆಯ ನಿಮಿಷದಲ್ಲಿ ಬೊನುಚ್ಚಿ ಸರಿಗಟ್ಟಿದ. ಪೆನಾಲ್ಟಿಗಳಲ್ಲಿ ಇಟಲಿ 3–2ರಲ್ಲಿ ಗೆದ್ದಿತು. ಮಂಚೀನಿಯೂ ವಿಯಾಲಿಯೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆ ಚಿತ್ರವನ್ನು ಲೋಕವೆಲ್ಲ ನೋಡಿತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಇದೇ ನೆಲದಲ್ಲಿ ಅತ್ತ ಇಬ್ಬರು ಅವರು ಎಂಬುದನ್ನು ತಿಳಿದವರಿಗೆ ಅದರ ಅರ್ಥ ಇನ್ನಷ್ಟು ಆಳ.

ಹದಿನೆಂಟು ತಿಂಗಳಲ್ಲಿ ವಿಯಾಲಿ ಇಲ್ಲವಾದ. ಕರೆಯದೆ ಬಂದ ಸಹಪ್ರಯಾಣಿಕ ಕೊನೆಗೂ ಇಳಿಯಲಿಲ್ಲ. ಮಂಚೀನಿ ಕೂಡ 2023ರ ಆಗಸ್ಟ್‌ನಲ್ಲಿ ಆ ಹುದ್ದೆಯನ್ನು ಬಿಟ್ಟ.

ಆರಂಭದ ಪ್ರಶ್ನೆಗೆ ಈಗ ನನ್ನ ಉತ್ತರವನ್ನು ಹೇಳಬಹುದು. ವಿಯಾಲಿಗೆ ದಳಪತಿಯ ಗುಣ ಇತ್ತು. ದಂಡಾಧಿಕಾರಿಯ ಗುಣ ಇರಲಿಲ್ಲ. ತನ್ನ ಜೊತೆಯವರಿಂದ ತಮ್ಮ ಶಕ್ತಿ ಮೀರಿದ ಆಟವನ್ನು ಹೊರತೆಗೆಯಬಲ್ಲವನಾಗಿದ್ದ. ಅವರನ್ನು ಶಿಕ್ಷಿಸಿ, ಮಾರಿ, ಮರೆತು ಮುಂದೆ ಹೋಗುವ ಕಾಠಿಣ್ಯ ಆತನದಾಗಿರಲಿಲ್ಲ. ಮ್ಯಾನೇಜರನ ಕುರ್ಚಿ ಈ ಎರಡನೆಯದನ್ನೇ ಹೆಚ್ಚಾಗಿ ಕೇಳುತ್ತದೆ. ಆದ್ದರಿಂದ ಆ ಕುರ್ಚಿ ಆತನಿಗೆ ಬಹುಕಾಲ ಒಗ್ಗಲಿಲ್ಲ. ಕುರ್ಚಿಯಿಲ್ಲದೆ, ಅಧಿಕಾರವಿಲ್ಲದೆ, ಆರೋಗ್ಯವೂ ಇಲ್ಲದೆ ಒಂದು ತಂಡದ ನಡುವೆ ಸುಮ್ಮನೆ ಇದ್ದು ಅದನ್ನು ಗಟ್ಟಿಮಾಡುವ ಕೆಲಸ ಆತನ ನಿಜವಾದ ಕೆಲಸವಾಗಿತ್ತು. ಅದು ಆತನಿಗೆ ಸಿಕ್ಕಿದ್ದು ಆಯುಷ್ಯದ ಕೊನೆಯ ಮೂರು ವರ್ಷಗಳಲ್ಲಿ. ಆ ಕೆಲಸಕ್ಕೆ ಅಂಕಿಗಳ ಪಟ್ಟಿಯಲ್ಲಿ ಅಂಕಣವಿಲ್ಲ. ಚರಿತ್ರೆ ಬರೆಯುವವರು ಅದಕ್ಕೊಂದು ಅಂಕಣವನ್ನು ಎಳೆದರೆ, ಮೊದಲ ಸಾಲಿನಲ್ಲಿ ಬರೆಯಬೇಕಾದ ಹೆಸರುಗಳಲ್ಲಿ ಕ್ರೆಮೋನದ ಈ ಕೋಟೆಮನೆಯ ಹುಡುಗನ ಹೆಸರೂ ಇರುತ್ತದೆ.